ಇತಿಹಾಸ ಓದುವುದು ಹೇಗೆ: ಬಳ್ಳಾರಿ, ಕೊಪ್ಪಳ, ರಾಯಚೂರಿನ ಪದವಿ ವಿದ್ಯಾರ್ಥಿಗಳಿಗೊಂದು ಸಮಗ್ರ ಮಾರ್ಗದರ್ಶಿ

"ರಾಯಚೂರು ದೋಆಬ್ ಬಗ್ಗೆ ಟಿಪ್ಪಣಿ ಬರೆಯಿರಿ" ಎಂದು ಒಮ್ಮೆ ಕಿರುಪರೀಕ್ಷೆ ಕೊಟ್ಟಿದ್ದೆ. ದೋಆಬ್ ಎಂದರೆ ಎರಡು ನದಿಗಳ ನಡುವಿನ ಸೀಮೆ. 31 ಉತ್ತರಪತ್ರಿಕೆಗಳು ಬಂದವು. 19ರಲ್ಲಿ ಒಂದೇ ಸಾಲು: "ಉತ್ತರಕ್ಕೆ ತುಂಗಭದ್ರಾ, ದಕ್ಷಿಣಕ್ಕೆ ಕೃಷ್ಣಾ." ಇರುವುದು ಇದಕ್ಕೆ ತಿರುವುಮುರುವು: ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಬರೆದವರು ಯಾರೂ ದೂರದವರಲ್ಲ. ಗುರುವಾರ ಬಂತೆಂದರೆ ತುಂಗಭದ್ರಾ ದಾಟಿ ಮಂತ್ರಾಲಯಕ್ಕೆ ಹೋಗುವವರು, ಶಕ್ತಿನಗರದ ಆಚೆ ಕೃಷ್ಣಾ ಸೇತುವೆ ಹತ್ತಿ ತೆಲಂಗಾಣದ ಬೀಗರ ಮನೆಗೆ ಹೋಗುವವರು. ಯಾವ ನದಿ ಯಾವ ದಿಕ್ಕಿಗಿದೆ ಎಂದು ಅವರ ಕಾಲಿಗೆ ಗೊತ್ತು, ಕೈಗೆ ಗೊತ್ತಿಲ್ಲ. ಕೇಳಿದ್ದಕ್ಕೆ ಒಬ್ಬ ಹೇಳಿದ: "ಗೈಡ್‌ನ್ಯಾಗ ಹಂಗೇ ಐತ್ರೀ ಸರ್."

ಅಲ್ಲಿಂದಲೇ ಶುರು ಮಾಡೋಣ. ಇತಿಹಾಸದ ಪದವಿ ಎಂದರೆ ಇಸವಿಗಳ ಪಟ್ಟಿ ಬಾಯಿಪಾಠ ಮಾಡುವುದಲ್ಲ. ಯಾವ ಮಾತು ಕಂಡರೂ ಮೂರು ಪ್ರಶ್ನೆ ಕೇಳುವ ಚಟ ಹತ್ತಿಸಿಕೊಳ್ಳುವುದು: ಯಾರು ಹೇಳಿದ್ದು? ಯಾವಾಗ ಹೇಳಿದ್ದು? ಅವರಿಗೆ ಹೇಗೆ ಗೊತ್ತು? ಈ ಚಟ ಹತ್ತಿಸಿಕೊಳ್ಳಲು ನಮ್ಮ ಮೂರು ಜಿಲ್ಲೆಗಳಷ್ಟು ಅನುಕೂಲವಾದ ಸೀಮೆ ಇನ್ನೊಂದಿಲ್ಲ ಎನ್ನುವುದು ನನ್ನ ಅಭಿಪ್ರಾಯ. ಪಕ್ಷಪಾತ ಇರಬಹುದು, ನಾನೂ ಇಲ್ಲಿಯವನೇ.

ಸೇರುವ ಮೊದಲು

ಬಿ.ಎ. ಈಗ ಮೂರು ವರ್ಷ, ಆರು ಸೆಮಿಸ್ಟರ್. ನಡುವೆ 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಬಂದಿತ್ತು, 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ಹೀಗಾಗಿ ಸೀನಿಯರ್‌ಗಳು ಪ್ರೀತಿಯಿಂದ ಕೊಡುವ ಹಳೆಯ ನೋಟ್ಸ್, ಹಳೆಯ ಪ್ರಶ್ನೆಪತ್ರಿಕೆ ಕಣ್ಣುಮುಚ್ಚಿ ನಂಬಬೇಡಿ. ನಿಮ್ಮ ವರ್ಷದ ಪಠ್ಯಕ್ರಮವನ್ನೇ ಇಳಿಸಿಕೊಳ್ಳಿ. ನಿಮ್ಮ ಕಾಲೇಜು ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ ಎಂಬುದನ್ನೂ ಖಚಿತ ಮಾಡಿಕೊಳ್ಳಿ. 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಆಯಿತು, ಆಮೇಲೆ ರಾಯಚೂರಿಗೆ ಬೇರೆ, ಕೊಪ್ಪಳಕ್ಕೆ ಬೇರೆ ಬಂದವು. ಅಣ್ಣನ ಅಂಕಪಟ್ಟಿಯ ಮೇಲಿರುವ ಹೆಸರು ತಮ್ಮನದರ ಮೇಲೆ ಇಲ್ಲದಿರಬಹುದು.

ಪ್ರವೇಶದ ಅರ್ಜಿ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯಗಳ ಏಕೀಕೃತ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ. ಜಾತಿ-ಆದಾಯದ ಜೊತೆಗೆ ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡಿಸುವ 371(ಜೆ) ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ, ಅದಕ್ಕೆ ಉಪವಿಭಾಗಾಧಿಕಾರಿಗಳ ಸಹಿ ಬೇಕು. ಈಗ ಬಿ.ಎ. ಸೀಟಿಗೆ ಅದರ ಕೆಲಸ ಬೀಳದಿರಬಹುದು, ಎಂ.ಎ. ಸೀಟಿಗೆ, ನೌಕರಿಗೆ ಬೀಳುತ್ತದೆ. ಕೊನೆಯ ದಿನ ಎ.ಸಿ. ಆಫೀಸಿನ ಮುಂದೆ ನಿಲ್ಲುವವರನ್ನು ಪ್ರತಿ ವರ್ಷ ನೋಡುತ್ತೇನೆ.

ಜೋಡಿ ವಿಷಯದ ಮಾತು. ನಮ್ಮ ಕಡೆ ಎಲ್ಲರೂ ಹಿಡಿಯುವುದು ಎಚ್‌ಇಪಿ: ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಸ್ಪರ್ಧಾತ್ಮಕ ಪರೀಕ್ಷೆಗೆ ಅನುಕೂಲ ಎಂಬ ಲೆಕ್ಕ, ತಪ್ಪಲ್ಲ. ಆದರೆ ಇತಿಹಾಸದಲ್ಲೇ ಮುಂದೆ ಹೋಗುವ ಮನಸ್ಸಿದ್ದರೆ ಐಚ್ಛಿಕ ಕನ್ನಡ ಜೊತೆಗಿರಲಿ ಎನ್ನುತ್ತೇನೆ. ಹಳಗನ್ನಡ ಬಾರದವನಿಗೆ ನಮ್ಮೂರಿನ ಶಾಸನ ಬರೀ ಕಲ್ಲು.

ಮೊದಲ ಸೆಮಿಸ್ಟರ್: ಎರಡು ಪುಟದ ನೋಟ್‌ಬುಕ್

ಇನ್ನೂರು ಪುಟದ ನೋಟ್‌ಬುಕ್ ಒಂದು ತನ್ನಿ. ತೆರೆದಾಗ ಎಡಪುಟದಲ್ಲಿ ಪುಸ್ತಕ ಏನು ಹೇಳುತ್ತದೆ ಎಂದು ನಿಮ್ಮ ಮಾತಿನಲ್ಲಿ ಬರೆಯಿರಿ. ಬಲಪುಟದಲ್ಲಿ ಪುಸ್ತಕಕ್ಕೆ ಇದು ಹೇಗೆ ಗೊತ್ತು ಎಂದು ಬರೆಯಿರಿ: ಶಾಸನವೋ, ನಾಣ್ಯವೋ, ಉತ್ಖನನವೋ, ಪ್ರವಾಸಿಯ ಬರಹವೋ, ಸರ್ಕಾರಿ ಕಡತವೋ. ಮೊದಲ ತಿಂಗಳು ಬಲಪುಟ ಬಹುಪಾಲು ಖಾಲಿ ಇರುತ್ತದೆ. ಗೈಡ್‌ಗಳನ್ನಷ್ಟೇ ಓದಿದರೆ ಕೊನೆಯವರೆಗೂ ಖಾಲಿ ಇರುತ್ತದೆ. ಗೈಡ್ ಎಲ್ಲಿ ಕೆಟ್ಟದ್ದು ಎಂಬುದನ್ನು ಇದಕ್ಕಿಂತ ಚೆನ್ನಾಗಿ ತೋರಿಸಲು ನನಗೆ ಬರುವುದಿಲ್ಲ.

ಒಂದು ಉದಾಹರಣೆ. ಎಡಪುಟ: "ಮಸ್ಕಿ ಶಾಸನದಲ್ಲಿ ಅಶೋಕನ ಹೆಸರಿದೆ." ಬಲಪುಟ: ಬ್ರಾಹ್ಮಿ ಲಿಪಿಯನ್ನು 1837ರ ಹೊತ್ತಿಗೆ ಜೇಮ್ಸ್ ಪ್ರಿನ್ಸೆಪ್ ಓದಿದ್ದ. ಶಾಸನಗಳಲ್ಲಿ ಸಿಗುತ್ತಿದ್ದದ್ದು "ದೇವಾನಾಂಪ್ರಿಯ ಪ್ರಿಯದರ್ಶಿ" ಎಂಬ ಬಿರುದು ಮಾತ್ರ. ಅವನೇ ಅಶೋಕ ಎಂದು ಸಿಂಹಳದ ಬೌದ್ಧ ಗ್ರಂಥಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಮಸ್ಕಿಯ ಬಂಡೆ ಕಂಡ, ಅದರಲ್ಲಿ "ಅಸೋಕ" ಎಂದೇ ಇತ್ತು. ಮುಕ್ಕಾಲು ಶತಮಾನದ ಊಹೆಗೆ ರಾಯಚೂರು ಜಿಲ್ಲೆಯ ಒಂದು ಬಂಡೆ ಸಹಿ ಹಾಕಿತು. ಆಮೇಲೆ ಸಿರುಗುಪ್ಪ ಸೀಮೆಯ ನಿಟ್ಟೂರು, ಉದೆಗೋಳದಲ್ಲೂ ಆ ಹೆಸರು ಸಿಕ್ಕಿತು. ಕೊಪ್ಪಳದವರಿಗೆ ಗವಿಮಠ ಮತ್ತು ಪಾಲ್ಕಿಗುಂಡು, ಎರಡೆರಡು ಅಶೋಕ ಶಾಸನ. ಗವಿಸಿದ್ಧೇಶ್ವರ ಜಾತ್ರೆಗೆ ಹೋಗಿ ತೇರು ನೋಡಿ, ದಾಸೋಹದಲ್ಲಿ ಉಂಡು ಬರುವ ನಮ್ಮ ಹುಡುಗರಲ್ಲಿ ಆ ಬಂಡೆಯ ತನಕ ಹೋದವರು ಎಷ್ಟು ಮಂದಿ ಎಂದು ತರಗತಿಯಲ್ಲಿ ಕೈ ಎತ್ತಿಸುತ್ತೇನೆ. ಕೈಗಳು ಕಡಿಮೆ.

ಎರಡನೇ ಹೆಜ್ಜೆ: ಒಂದು ಯುದ್ಧವನ್ನು ಬಿಚ್ಚಿ ನೋಡುವುದು

ಆಕರ ವಿಮರ್ಶೆ, ಅಂದರೆ ಸಾಕ್ಷಿಯನ್ನು ತೂಗಿ ನೋಡುವುದು, ಎಂಬ ಪಾಠ ಎಲ್ಲ ಪಠ್ಯಕ್ರಮದಲ್ಲೂ ಇರುತ್ತದೆ, ನಾಲ್ಕು ವ್ಯಾಖ್ಯೆ ಬರೆಸಿ ಮುಗಿಸುತ್ತಾರೆ. ಮಾಡಿ ನೋಡದೆ ಅದು ಬರುವುದಿಲ್ಲ. ರಾಯಚೂರು ಯುದ್ಧವನ್ನೇ ತೆಗೆದುಕೊಳ್ಳಿ. ಕೃಷ್ಣದೇವರಾಯ ಮತ್ತು ಬಿಜಾಪುರದ ಇಸ್ಮಾಯಿಲ್ ಆದಿಲ್‌ಶಾ, 1520. ಇದು ಎಡಪುಟ.

ಬಲಪುಟಕ್ಕೆ ಬನ್ನಿ. ಯುದ್ಧವನ್ನು ವಿಸ್ತಾರವಾಗಿ ಬರೆದವನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನ್ಯೂನಿಜ್. ಅವನು ಬರೆದದ್ದು 1535ರ ಆಸುಪಾಸು, ಅಂದರೆ ಹದಿನೈದು ವರ್ಷ ಕಳೆದ ಮೇಲೆ. ಅವನ ಪ್ರಕಾರ ರಾಯನ ಸೈನ್ಯದಲ್ಲಿ 7,03,000 ಕಾಲಾಳು, 32,600 ಕುದುರೆ, 551 ಆನೆ. ಇಲ್ಲಿ ಪೆನ್ನು ಕೆಳಗಿಟ್ಟು ಲೆಕ್ಕ ಹಾಕಿ. ಬೇಸಿಗೆಯಲ್ಲಿ ಕುದುರೆಯೊಂದಕ್ಕೆ ದಿನಕ್ಕೆ 30 ಲೀಟರ್ ನೀರು ಎಂದಿಟ್ಟುಕೊಂಡರೂ ಕುದುರೆಗಳಿಗೇ ಸುಮಾರು 10 ಲಕ್ಷ ಲೀಟರ್. ಮೇ ತಿಂಗಳು, ರಾಯಚೂರು. ನೀವೇ ಹೇಳಿ. ಹಾಗೆಂದು ನ್ಯೂನಿಜ್ ಸುಳ್ಳುಗಾರ ಎಂದು ಬರೆದು ಕೈ ತೊಳೆದುಕೊಳ್ಳಬೇಡಿ. ಕುದುರೆ ವ್ಯಾಪಾರಿಯ ಕಣ್ಣು ಕುದುರೆಯ ಮೇಲೆ ಇರುತ್ತದೆ, ಕಾಲಾಳಿನ ಎಣಿಕೆ ಅವನಿಗೆ ಯಾರೋ ಹೇಳಿದ್ದು. ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂದು ಬೇರೆ ಬೇರೆಯಾಗಿ ತೂಗಬೇಕು.

ಇನ್ನು ತಾರೀಖು. ಮೇ ತಿಂಗಳ ಅಮಾವಾಸ್ಯೆ, ಶನಿವಾರ, 1522 ಎನ್ನುತ್ತಾನೆ ನ್ಯೂನಿಜ್. 1900ರಲ್ಲಿ ಅವನ ಬರಹವನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದ ರಾಬರ್ಟ್ ಸಿವೆಲ್ ಪಂಚಾಂಗ ಹಿಡಿದು ಕುಳಿತ. 1522ರ ಮೇ ಅಮಾವಾಸ್ಯೆ ಬೀಳುವುದು ಭಾನುವಾರ. ಬೇರೆ ಸಾಕ್ಷಿಗಳನ್ನೂ ಕೂಡಿಸಿ ಅವನು 1520ರ ಮೇ 19, ಶನಿವಾರ ಎಂದು ನಿರ್ಧರಿಸಿದ. ನಾವು ಪರೀಕ್ಷೆಯಲ್ಲಿ ಬರೆಯುವ 1520ರ ಹಿಂದೆ ಇಷ್ಟು ತಕರಾರು ಇದೆ. ಮೋಜೆಂದರೆ, 1520ರ ಮೇ ಅಮಾವಾಸ್ಯೆಯೂ ಶನಿವಾರವಲ್ಲ, ಎರಡು ದಿನ ಮೊದಲು ಗುರುವಾರ. ಈ ಎರಡು ದಿನದ ಅಂತರವನ್ನು ಹೇಗೆ ಸರಿದೂಗಿಸುತ್ತೀರಿ? ಸೆಮಿನಾರಿಗೆ ಇದೊಂದೇ ಪ್ರಶ್ನೆ ಸಾಕು.

ಎದುರು ಪಕ್ಷದವನು ಫೆರಿಷ್ತಾ. ಬಿಜಾಪುರದ ಆಶ್ರಯದಲ್ಲಿ ಕುಳಿತು ಹದಿನೇಳನೇ ಶತಮಾನದ ಆರಂಭದಲ್ಲಿ ಬರೆದವನು, ಯುದ್ಧ ಮುಗಿದು ಎಂಬತ್ತು ವರ್ಷದ ಮೇಲಾಗಿತ್ತು. ಇಸ್ಮಾಯಿಲ್ ಮದ್ಯದ ಅಮಲಿನಲ್ಲಿ ಅವಸರಪಟ್ಟು ನದಿ ದಾಟಿ ಸೋತ ಎಂಬುದು ಅವನ ವಿವರಣೆ. ಸೋತವರ ಮನೆಯಲ್ಲಿ ಸೋಲಿಗೆ ಇಂಥದೊಂದು ಕಾರಣ ಹುಟ್ಟುವುದು ಸಹಜ. ನಿಮ್ಮೂರ ಪಂಚಾಯ್ತಿ ಚುನಾವಣೆ ಮುಗಿದ ಮರುದಿನ ಎರಡೂ ಪಾರ್ಟಿಯ ಕಟ್ಟೆಗೆ ಹೋಗಿ ಕೂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಮೂರನೇ ಹೆಜ್ಜೆ: ಕಾಲದ ಲೆಕ್ಕ

ಬೇಗ ಕಲಿಯಬಹುದಾದ, ಆದರೆ ಎಂ.ಎ. ಮುಗಿಸಿದವರೂ ತಡವರಿಸುವ ವಿದ್ಯೆ ಇದು. ಶಾಸನದ ಶಕ ವರ್ಷಕ್ಕೆ 78 ಕೂಡಿಸಿದರೆ ಕ್ರಿ.ಶ. ಸಿಗುತ್ತದೆ, ಶಕ ವರ್ಷದ ಕೊನೆಯ ತಿಂಗಳುಗಳಾದರೆ 79 ಕೂಡಿಸಬೇಕು. ಕಲ್ಯಾಣ ಚಾಲುಕ್ಯರ ಕಾಲದ್ದಾದರೆ ಆರನೇ ವಿಕ್ರಮಾದಿತ್ಯ ಶಕವನ್ನು ಬದಿಗಿಟ್ಟು ತನ್ನದೇ ಚಾಲುಕ್ಯ ವಿಕ್ರಮ ವರ್ಷ ಶುರು ಮಾಡಿದ, ಅದರ ಮೊದಲ ವರ್ಷ 1076. ಹಾಗಾಗಿ 1075 ಕೂಡಿಸಿ. ಇಟಗಿಯ ಮಹಾದೇವ ದೇವಾಲಯ 1112ರದು, ಅಂದರೆ ವಿಕ್ರಮ ವರ್ಷ 37, ಶಕ 1034.

ಸರಿ ಇದೆಯೋ ಇಲ್ಲವೋ ನೋಡಲು ಸಂವತ್ಸರ ಇದೆ. 1987ರ ಯುಗಾದಿಗೆ ಪ್ರಭವ ಬಂದಿತ್ತು, ಅದು ಅರವತ್ತರಲ್ಲಿ ಮೊದಲನೆಯದು. ಅಲ್ಲಿಂದ ಅರವತ್ತರಂತೆ ಹಿಂದೆ ಹೋಗಿ: 1987ರಿಂದ 900 ಕಳೆದರೆ 1087, ಅದೂ ಪ್ರಭವ. ಅಲ್ಲಿಂದ ಎಣಿಸಿದರೆ 1112 ಇಪ್ಪತ್ತಾರನೆಯದು, ನಂದನ. ಶಾಸನದ ಶಕವರ್ಷ ಒಂದು ಹೇಳಿ ಸಂವತ್ಸರ ಬೇರೊಂದು ಹೇಳಿದರೆ ಎಲ್ಲೋ ಎಡವಟ್ಟಾಗಿದೆ: ಓದಿದವರದೋ, ಕೆತ್ತಿದವನದೋ, ಅಥವಾ ಶಾಸನವೇ ಆಮೇಲೆ ಹುಟ್ಟಿಸಿದ್ದೋ. ಅಜ್ಜಿಗೆ ಅರವತ್ತು ಸಂವತ್ಸರ ಬಾಯಿಗೆ ಬರುತ್ತಿದ್ದರೆ ಕೂತು ಕಲಿಯಿರಿ.

ನಿಜಾಮನ ಸೀಮೆಯ ಕಾಗದಗಳಲ್ಲಿ ಫಸಲಿ ಎಂಬ ಕಂದಾಯದ ವರ್ಷ ಇರುತ್ತದೆ. 590 ಕೂಡಿಸಿ, ತಿಂಗಳು ನೋಡಿಕೊಂಡು 591. ಹಿಜರಿಗೆ ಹೀಗೆ ಕೂಡಿಸಿ ಮುಗಿಸಲು ಬರುವುದಿಲ್ಲ, ಅದು 354 ದಿನದ ಚಾಂದ್ರವರ್ಷ. ಕೋಷ್ಟಕ ನೋಡಲೇಬೇಕು.

ನಾಲ್ಕನೇ ಹೆಜ್ಜೆ: ಕಲ್ಲಿನ ಮುಂದೆ ನಿಲ್ಲುವುದು

ಎರಡನೇ ವರ್ಷದಲ್ಲಾದರೂ ಒಂದು ಕಲ್ಲನ್ನು ನಿಮ್ಮದಾಗಿ ಆರಿಸಿಕೊಳ್ಳಿ. ಹಂಪಿ ಬೇಡ, ಅಲ್ಲಿ ಎಲ್ಲರೂ ಇದ್ದಾರೆ. ನಿಮ್ಮೂರ ಹನುಮಪ್ಪನ ಗುಡಿಯ ಹಿಂದೆ ಒರಗಿಸಿಟ್ಟ ವೀರಗಲ್ಲಾದರೂ ಸರಿ.

ಮೊದಲು ಊರ ಹಿರಿಯರಿಗೆ, ಪೂಜಾರಿಗೆ ಹೇಳಿ. ಹೇಳದೆ ಕಲ್ಲಿನ ಬುಡದಲ್ಲಿ ಟೇಪು ಹಿಡಿದು ಕೂತರೆ ನಿಧಿ ಹುಡುಕಲು ಬಂದವರು ಎನ್ನುತ್ತಾರೆ. ನಾನು ಎಂ.ಎ.ಯಲ್ಲಿದ್ದಾಗ ಗೆಳೆಯನೊಂದಿಗೆ ಹೋಗಿ ಇದೇ ಮಾತು ಕೇಳಿ, ಅರ್ಧ ದಿನ ಕಟ್ಟೆಯ ಮೇಲೆ ಕೂತು ಕಾಲೇಜಿನ ಗುರುತಿನ ಚೀಟಿ ತೋರಿಸಿ ತೋರಿಸಿ ಸಾಕಾಗಿತ್ತು. ಕೊನೆಗೆ ಬಿಡಿಸಿದ್ದು ಆ ಊರಿನ ಪ್ರೈಮರಿ ಶಾಲೆಯ ಮೇಷ್ಟ್ರು.

ಹೊತ್ತು ಮುಖ್ಯ. ಮಧ್ಯಾಹ್ನದ ಬಿಸಿಲಿನಲ್ಲಿ ಅಕ್ಷರ ಕಾಣುವುದಿಲ್ಲ. ಬೆಳಿಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರವೂ ನೆರಳು ಮಾಡಿಕೊಂಡು ಏಳುತ್ತದೆ. ಅದೂ ಆಗದಿದ್ದರೆ ಕತ್ತಲಾದ ಮೇಲೆ ಮೊಬೈಲ್ ಟಾರ್ಚನ್ನು ಪಕ್ಕದಿಂದ ಹಿಡಿದು ಫೋಟೊ ತೆಗೆಯಿರಿ. ಸೀಮೆಸುಣ್ಣ ತುಂಬುವುದು, ಎಣ್ಣೆ ಸವರುವುದು, ತಂತಿ ಬ್ರಶ್ಶಿನಿಂದ ಉಜ್ಜುವುದು ಮಾಡಬೇಡಿ. ನೀರು ಮತ್ತು ಮೆತ್ತನೆಯ ತೆಂಗಿನ ನಾರು ಸಾಕು. ಸಂರಕ್ಷಿತ ಸ್ಮಾರಕವಾದರೆ ಅದನ್ನೂ ಮಾಡಬೇಡಿ, ಕಣ್ಣಿನಿಂದ ನೋಡಿ ಬನ್ನಿ. ಕಾಗದದ ಪಡಿಯಚ್ಚು ತೆಗೆಯುವುದನ್ನು ಬಲ್ಲವರ ಜೊತೆ ನಿಂತು ಕಲಿಯಬೇಕು.

ಬರೆದುಕೊಳ್ಳಬೇಕಾದದ್ದು: ಕಲ್ಲು ಎಲ್ಲಿದೆ, ಯಾವ ದಿಕ್ಕಿಗೆ ಮುಖ, ಎತ್ತರ, ಅಗಲ, ಎಷ್ಟು ಸಾಲು, ಮೇಲೆ ಸೂರ್ಯ ಚಂದ್ರ ಇದ್ದಾರೆಯೇ, ಹಸು ಕರು ಇವೆಯೇ. ದಾನಶಾಸನವಾದರೆ ಬಹುಮಟ್ಟಿಗೆ ಒಂದು ಕ್ರಮ ಇರುತ್ತದೆ. ಸ್ವಸ್ತಿಯಿಂದ ಆರಂಭ, ರಾಜನ ಬಿರುದು, ಸಾಮಂತನ ಬಿರುದು, ಕಾಲ, ದಾನ, ಎಲ್ಲೆಕಟ್ಟು, ಕೊನೆಗೆ ದಾನ ಕೆಡಿಸಿದವರಿಗೆ ಶಾಪ. ಹೊಸಬರು ರಾಜನ ಹೆಸರು ಸಿಕ್ಕಿದ ಕೂಡಲೇ ಓದುವುದು ನಿಲ್ಲಿಸುತ್ತಾರೆ. ನಿಜವಾದ ಊರು ಇರುವುದು ಎಲ್ಲೆಕಟ್ಟಿನಲ್ಲಿ: ಯಾವ ಕೆರೆಯ ಪಡುವಣಕ್ಕೆ, ಯಾವ ಹಳ್ಳದ ಬಡಗಲಿಗೆ, ಯಾವ ಹುಣಸೆಮರದ ತನಕ. ಆ ಹಳ್ಳ ಇವತ್ತೂ ಹರಿಯುತ್ತಿರಬಹುದು, ಹೆಸರು ಸ್ವಲ್ಪ ಸವೆದಿರಬಹುದು. ನಡೆದು ನೋಡಿ.

ಬರಹದ ಜೊತೆಗೆ ಚಿತ್ರವನ್ನೂ ಓದಿ. ರಾಯಚೂರು ಕೋಟೆಯ ಗೋಡೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದರ ಮೇಲಿನ 1294ರ ಶಾಸನ ಕಾಕತೀಯರ ಕಾಲದಲ್ಲಿ ಕೋಟೆ ಕಟ್ಟಿಸಿದ್ದನ್ನು ಹೇಳುತ್ತದೆ. ಅದರ ಜೊತೆಗೇ ಆ ಕಲ್ಲನ್ನು ಬಂಡಿಯ ಮೇಲೆ ಹೇರಿ, ಕೋಣಗಳನ್ನು ಸಾಲಾಗಿ ಕಟ್ಟಿ ಎಳೆದು ತಂದ ಚಿತ್ರವನ್ನೂ ಕೆತ್ತಿದ್ದಾರೆ. ನನಗೆ ಶಾಸನಕ್ಕಿಂತ ಆ ಚಿತ್ರವೇ ಹೆಚ್ಚು ಇಷ್ಟ.

ಬರಹವೇ ಇಲ್ಲದ ಕಾಲಕ್ಕೂ ಇಲ್ಲಿ ಕೊರತೆಯಿಲ್ಲ. ಗಂಗಾವತಿ ಕಡೆಯ ಹಿರೇಬೆಣಕಲ್ ಗುಡ್ಡದ ಶಿಲಾಗೋರಿಗಳನ್ನು ಜನ ಮೋರ್‍ಯರ ಮನೆ ಎನ್ನುತ್ತಾರೆ. ಬಳ್ಳಾರಿ ಪಕ್ಕದ ಸಂಗನಕಲ್ಲು ನವಶಿಲಾಯುಗದ ಊರು, ಅಲ್ಲಿ ನೋಡಿ ಬಂದ ಮೇಲೆ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೂ ಹೋಗಿ. ಹಂಪಿ ಹತ್ತಿರದ ನಿಂಬಾಪುರದ ಬೂದಿದಿಬ್ಬ ವಾಲಿಯನ್ನು ಸುಟ್ಟ ಜಾಗ ಎಂಬುದು ಜನರ ಮಾತು. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಬೂದಿ ಎಂಬುದು ಪುರಾತತ್ವದ ಮಾತು. ಎರಡನ್ನೂ ಬರೆದುಕೊಳ್ಳಿ, ಬೇರೆ ಬೇರೆ ಕಾಲಮ್ಮಿನಲ್ಲಿ.

ಐದನೇ ಹೆಜ್ಜೆ: ಕಾಗದಗಳು ಎಲ್ಲಿವೆ?

ನಮ್ಮ ಮೂರು ಜಿಲ್ಲೆಯ ಆಧುನಿಕ ಚರಿತ್ರೆ ಓದುವವರಿಗೆ ದೊಡ್ಡ ತೊಡಕು ಇಲ್ಲಿದೆ. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ಥಾಮಸ್ ಮನ್ರೋ ಬಂದು ಕಂದಾಯ ನಿಗದಿ ಮಾಡಿದ. ಅಂದಿನಿಂದ 1953ರ ಅಕ್ಟೋಬರ್ 1ರಂದು ಮೈಸೂರಿಗೆ ಸೇರುವ ತನಕ ಬಳ್ಳಾರಿ ಮದ್ರಾಸಿನದು. ರಾಯಚೂರು, ಕೊಪ್ಪಳ ಹೈದರಾಬಾದಿನವು. 1948ರ ಸೆಪ್ಟೆಂಬರ್ 17ರಂದು ನಿಜಾಮನ ಆಳ್ವಿಕೆ ಮುಗಿಯಿತು, 1956ರ ನವೆಂಬರ್ 1ರಂದು ಅವು ಮೈಸೂರು ರಾಜ್ಯಕ್ಕೆ ಬಂದವು. ಕೊಪ್ಪಳ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಇದರ ಫಲ ಏನೆಂದರೆ, ಬಳ್ಳಾರಿಯ ಹಳೆಯ ಕಡತ ಹುಡುಕುವವರು ಚೆನ್ನೈನ ಎಗ್ಮೋರ್‌ನಲ್ಲಿರುವ ತಮಿಳುನಾಡು ಪತ್ರಾಗಾರಕ್ಕೆ ಹೋಗಬೇಕು, ಅಲ್ಲಿ ಇಂಗ್ಲಿಷ್. ರಾಯಚೂರಿನವರು ಹೈದರಾಬಾದಿನ ತೆಲಂಗಾಣ ಪತ್ರಾಗಾರಕ್ಕೆ ಹೋಗಬೇಕು, ಅಲ್ಲಿ ಫಾರ್ಸಿ, ಉರ್ದು. ತುಂಗಭದ್ರೆಯ ಈ ದಡದ ಹಳ್ಳಿಗೂ ಆ ದಡದ ಹಳ್ಳಿಗೂ ದೋಣಿಯಲ್ಲಿ ಹತ್ತು ನಿಮಿಷ, ಅವುಗಳ ಕಾಗದಕ್ಕೆ ನೂರಾರು ಮೈಲಿ. ಬಳ್ಳಾರಿಗೆ 1904ರ ಫ್ರಾನ್ಸಿಸ್ ಗೆಜೆಟಿಯರ್ (ಜಿಲ್ಲೆಯ ಸರ್ಕಾರಿ ವಿವರ ಗ್ರಂಥ) ಇದೆ, ಅಲ್ಲಿಂದ ಆರಂಭಿಸಿ. ಆದರೆ ಅದನ್ನು ಕಲೆಕ್ಟರ್ ಕಚೇರಿಯ ಕಿಟಕಿಯಿಂದ ಕಂಡ ಬಳ್ಳಾರಿ ಎಂದೇ ಓದಿ. ಶಾಸನಕ್ಕೆ ದಕ್ಷಿಣ ಭಾರತ ಶಾಸನ ಸಂಪುಟಗಳ ಒಂಬತ್ತನೆಯದು ಬಳ್ಳಾರಿಯವರಿಗೆ ತವರುಮನೆ ಇದ್ದಂತೆ. ಹಂಪಿ ಕನ್ನಡ ವಿಶ್ವವಿದ್ಯಾಲಯ ಜಿಲ್ಲಾವಾರು ತಂದ ಶಾಸನ ಸಂಪುಟಗಳೂ ಇವೆ.

ಹಾಗಾದರೆ ಭಾಷೆ? ಉರ್ದು ಓದಲು ಕಲಿಯಿರಿ ಎಂದರೆ ಹುಡುಗರು ನಗುತ್ತಾರೆ. ಆದರೆ ಪಹಣಿ, ತಹಶೀಲು, ಜಮಾಬಂದಿ, ವಸೂಲಿ ಎಂದು ದಿನಾ ಮಾತಾಡುವವರಿಗೆ ಶಬ್ದ ಅರ್ಧ ಬಂದಂತೆಯೇ, ಕಲಿಯಬೇಕಾದದ್ದು ಲಿಪಿ. ರಾಯಚೂರಿನಲ್ಲಿ ಕಲಿಸುವವರಿಗೆ ಬರವಿಲ್ಲ. ನಿಜಾಮನ ಕಾಲದ ಶಾಲೆಯಲ್ಲಿ ಉರ್ದು ಕಲಿತ ಲಿಂಗಾಯತ, ಬ್ರಾಹ್ಮಣ, ಕುರುಬ ಅಜ್ಜಂದಿರ ಟ್ರಂಕಿನಲ್ಲಿ ಇನ್ನೂ ಉರ್ದು ಕಾಗದ ಇವೆ, ಮನೆಯಲ್ಲಿ ಓದುವವರು ಮಾತ್ರ ಇಲ್ಲ.

ಆರನೇ ಹೆಜ್ಜೆ: ಹಿರಿಯರ ಮಾತು

ಕಿರು ಪ್ರಬಂಧಕ್ಕೆ ವಿಷಯ ಹೊಳೆಯದಿದ್ದರೆ ತುಂಗಭದ್ರಾ ಡ್ಯಾಮ್ ಇದೆ. 1945ರಲ್ಲಿ ಶಂಕುಸ್ಥಾಪನೆ, ಮದ್ರಾಸ್ ಮತ್ತು ಹೈದರಾಬಾದ್ ಎರಡೂ ಸೇರಿ ಕಟ್ಟಿದ್ದು, 1953ರಲ್ಲಿ ನೀರು ಬಿಟ್ಟರು. ಮುಳುಗಿದ ಹಳ್ಳಿ ಬಿಟ್ಟು ಬಂದಾಗ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ. ಮುಂದಿನ ವರ್ಷ ನೋಡೋಣ ಎನ್ನುವ ವಿಷಯ ಇದಲ್ಲ.

ಹೋದ ಕೂಡಲೇ "ಮುಳುಗಡೆಯ ಸಾಮಾಜಿಕ ಪರಿಣಾಮ ಏನು?" ಎಂದು ಕೇಳಿದರೆ ಅಜ್ಜಿ ಒಳಗೆ ಹೋಗಿಬಿಡುತ್ತಾರೆ. "ನಿಮ್ಮ ಹಳೇ ಮನಿ ಬಾಗಲಾ ಯಾವ ಕಡೆ ಇತ್ತಬೇ?" ಎಂದು ಕೇಳಿ. ಬಾಗಿಲಿನಿಂದ ಓಣಿ ಬರುತ್ತದೆ, ಓಣಿಯಿಂದ ಯಾರ ಯಾರ ಮನೆ, ಬಾವಿ ಯಾರದು, ಯಾರು ನೀರು ಸೇದಬಹುದಿತ್ತು ಯಾರು ಸೇದುವಂತಿರಲಿಲ್ಲ, ಪರಿಹಾರದ ದುಡ್ಡು ಯಾರ ಕೈಗೆ ಬಂತು, ಎಲ್ಲ ಬರುತ್ತದೆ. ಒಪ್ಪಿಗೆ ಕೇಳಿ ರೆಕಾರ್ಡ್ ಮಾಡಿ. ಅದೇ ರಾತ್ರಿ ಬರೆದಿಳಿಸಿ, ಅವರ ಮಾತಿನ ಧಾಟಿಯಲ್ಲೇ. ಗ್ರಂಥಸ್ಥ ಕನ್ನಡಕ್ಕೆ ತಿದ್ದಬೇಡಿ. ಅವರು ಹೇಳಿದ ಇಸವಿ ತಪ್ಪಿರಬಹುದು. "ನನ್ನ ತಮ್ಮ ಹುಟ್ಟಿದ ವರ್ಷ" ಎಂದರೆ ತಮ್ಮನ ಶಾಲೆ ದಾಖಲಾತಿಯಿಂದ ಹಿಂದಕ್ಕೆ ಲೆಕ್ಕ ಹಾಕಿ.

ಉತ್ತರ ಬರೆಯುವುದು, ಮುಂದಕ್ಕೆ ಹೋಗುವುದು

ಪರೀಕ್ಷೆಯ ಉತ್ತರಕ್ಕೆ "ಪೀಠಿಕೆ"ಯಲ್ಲಿ ಅರ್ಧ ಪುಟ ಹಾಳು ಮಾಡಬೇಡಿ. ಪ್ರಶ್ನೆ "ಕಾರಣಗಳನ್ನು ಚರ್ಚಿಸಿ" ಎಂದಿದ್ದರೆ ಯಾವ ಕಾರಣ ಹೆಚ್ಚು ಭಾರದ್ದು ಎಂದು ಮೊದಲ ಎರಡು ವಾಕ್ಯದಲ್ಲೇ ಹೇಳಿ, ಆಮೇಲೆ ಸಾಕ್ಷಿ ತನ್ನಿ. ಮೌಲ್ಯಮಾಪಕರು ದಿನಕ್ಕೆ ಹತ್ತಾರು ಪತ್ರಿಕೆ ನೋಡುತ್ತಾರೆ. ಒಂದೇ ಗೈಡಿನ ಒಂದೇ ವಾಕ್ಯ ಹದಿನೈದನೇ ಬಾರಿ ಕಂಡಾಗ ಅವರ ಮುಖ ಹೇಗಾಗುತ್ತದೆ ಎಂದು ನನಗೆ ಗೊತ್ತು, ಆ ಮುಖ ನನ್ನದೇ. ಒಂದು ಸ್ಥಳೀಯ ಉದಾಹರಣೆ, ಒಂದು ನಕ್ಷೆ ಇದ್ದರೆ ಪತ್ರಿಕೆ ಬೇರೆಯಾಗಿ ಕಾಣುತ್ತದೆ. ನಕ್ಷೆಯಲ್ಲಿ ನದಿಗಳನ್ನು ಅವುಗಳ ಜಾಗದಲ್ಲೇ ಹರಿಸಿ.

ಎಂ.ಎ. ಎರಡು ವರ್ಷ, ನಾಲ್ಕು ಸೆಮಿಸ್ಟರ್. ಬಳ್ಳಾರಿಯಲ್ಲಿ, ರಾಯಚೂರಿನ ಯರಗೇರಾ ಕ್ಯಾಂಪಸ್‌ನಲ್ಲಿ, ಅಥವಾ ಕಲಬುರಗಿ, ಧಾರವಾಡಕ್ಕೆ ಹೋಗಿ ಮಾಡಬಹುದು. ಪಿಎಚ್.ಡಿ.ಗೆ ಹಂಪಿ ಕನ್ನಡ ವಿಶ್ವವಿದ್ಯಾಲಯ ಹತ್ತಿರ, ಕನ್ನಡದಲ್ಲೇ ಬರೆಯಬಹುದು. ಎಲ್ಲಿಗೆ ಹೋದರೂ ಗ್ರಂಥಾಲಯ ನೋಡಿಕೊಂಡು ಹೋಗಿ, ಕಟ್ಟಡ ನೋಡಿಕೊಂಡಲ್ಲ.

ಮನೆಯಲ್ಲಿ ಕೇಳುವ ಪ್ರಶ್ನೆ ಗೊತ್ತಿದ್ದದ್ದೇ: "ಹಿಸ್ಟ್ರಿ ಓದಿ ಏನ್ ಮಾಡಾಂವ?" ಉತ್ತರ ಸಿದ್ಧ ಇಟ್ಟುಕೊಳ್ಳಿ. ಬಿ.ಇಡಿ. ಸೇರಿದರೆ ಹೈಸ್ಕೂಲು, ಎಂ.ಎ. ಜೊತೆ ಬಿ.ಇಡಿ. ಇದ್ದರೆ ಪಿಯು, ಎಂ.ಎ. ಜೊತೆ ನೆಟ್ ಅಥವಾ ಕೆಸೆಟ್ ಇದ್ದರೆ ಪದವಿ ಕಾಲೇಜು. ಇವೆರಡೂ ಅಧ್ಯಾಪಕರ ಅರ್ಹತಾ ಪರೀಕ್ಷೆಗಳು, ನೆಟ್ ರಾಷ್ಟ್ರಮಟ್ಟದ್ದು, ಕೆಸೆಟ್ ರಾಜ್ಯದ್ದು. ಎರಡರಲ್ಲೂ ಎರಡು ಪತ್ರಿಕೆ, ಒಟ್ಟು 150 ಪ್ರಶ್ನೆ, 300 ಅಂಕ, ಮೂರು ಗಂಟೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಸಾಮಾನ್ಯ ವರ್ಗಕ್ಕೆ ಎಂ.ಎ.ಯಲ್ಲಿ ಶೇ. 55, ಪರಿಶಿಷ್ಟ ಮತ್ತು ಹಿಂದುಳಿದ ವರ್ಗಕ್ಕೆ ಶೇ. 50 ಅಂಕ ಬೇಕು. ನೆಟ್‌ನಲ್ಲಿ ಇತಿಹಾಸದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಕೆಸೆಟ್‌ನಲ್ಲಿ ಕನ್ನಡವೂ ಇದೆ. ಕನ್ನಡ ಮಾಧ್ಯಮದವರು ಮೊದಲು ಕೆಸೆಟ್ ಕಟ್ಟಿ, ಅದು ಕೈಗೆ ಬಂದ ಮೇಲೆ ನೆಟ್‌ಗೆ ಕೂಡಿ. ಇಂಗ್ಲಿಷ್ ಪಾರಿಭಾಷಿಕ ಶಬ್ದಗಳಿಗಾಗಿ ಆ ಎರಡು ಪುಟದ ನೋಟ್‌ಬುಕ್ಕಿನ ಕೊನೆಯ ಹಾಳೆಗಳನ್ನು ಮೊದಲ ವರ್ಷದಿಂದಲೇ ಬಿಟ್ಟಿಟ್ಟುಕೊಳ್ಳಿ.